ಅಕ್ವೇರಿಯಂ ಸೈಕ್ಲಿಂಗ್: ಮೀನು ಬಿಡುವ ಮೊದಲು ತೊಟ್ಟಿಯನ್ನು ಹದಕ್ಕೆ ತರುವುದು

ಹೊಸದಾಗಿ ನೀರು ತುಂಬಿದ ಸಿಹಿನೀರಿನ ಅಕ್ವೇರಿಯಂನಲ್ಲಿ, ಮೀನಿನಿಂದ ಹೊರಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಸೂಕ್ಷ್ಮಜೀವಿಗಳು ನೆಲೆಯೂರುವಂತೆ ಮಾಡುವ ಪೂರ್ವಸಿದ್ಧತೆಯನ್ನು ಸೈಕ್ಲಿಂಗ್ ಎನ್ನುತ್ತಾರೆ. ಮೀನು ಸಾಕುವವರ ಮಾತಿನಲ್ಲಿ ಇದು 'ಟ್ಯಾಂಕ್ ಸೈಕಲ್ ಮಾಡುವುದು'. ಸಾರಜನಕ ಚಕ್ರದ ಒಂದು ತುಂಡನ್ನು ಗಾಜಿನ ಪೆಟ್ಟಿಗೆಯೊಳಗೆ ನಡೆಯುವಂತೆ ಮಾಡುವುದರಿಂದ ಈ ಹೆಸರು ಬಂದಿದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನೀರು, ಉಷ್ಣತೆ, ಗಾಳಿ ಅನುಕೂಲವಾಗಿದ್ದರೆ ಬೇಗ ಮುಗಿಯುತ್ತದೆ, ಇಲ್ಲದಿದ್ದರೆ ಎರಡು ತಿಂಗಳಾದರೂ ಮುಗಿಯುವುದಿಲ್ಲ.

ಈ ಲೇಖನ ವಿಷಯವನ್ನು ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕಿನ ಸಿದ್ದಾಪುರ ಮತ್ತು ಅದರ ಸುತ್ತಲಿನ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನೀರಿನ ಹಿನ್ನೆಲೆಯಲ್ಲಿ ನೋಡುತ್ತದೆ. ಅಕ್ವೇರಿಯಂ ಕುರಿತ ಪುಸ್ತಕಗಳು ಬಹುತೇಕ ತಂಪು ದೇಶಗಳ ನಲ್ಲಿ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಹೀಟರ್ ಎಷ್ಟು ವ್ಯಾಟಿನದು ಬೇಕು ಎಂದು ಅವು ಪುಟಗಟ್ಟಲೆ ಹೇಳುತ್ತವೆ. ಏಪ್ರಿಲ್ ತಿಂಗಳಲ್ಲಿ ಕರೆಂಟ್ ಹೋದ ಮಧ್ಯಾಹ್ನ ಏನು ಮಾಡಬೇಕೆಂದು ಹೇಳುವುದಿಲ್ಲ.

ಮೀನು ಏಕೆ ಸಾಯುತ್ತದೆ

ಗಂಗಾವತಿಯಲ್ಲೋ ಹೊಸಪೇಟೆಯಲ್ಲೋ ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಪಂಪು, ನಾಲ್ಕಾರು ಗೋಲ್ಡ್ ಫಿಶ್ ಎಲ್ಲವನ್ನೂ ಒಂದೇ ದಿನ ಕೊಂಡು ತಂದು, ಸಂಜೆಗೆ ನೀರು ತುಂಬಿ ಮೀನು ಬಿಡುವುದು ರೂಢಿ. ಮೊದಲ ಎರಡು ಮೂರು ದಿನ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ನೀರು ಸ್ವಲ್ಪ ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯತೊಡಗುತ್ತದೆ, ಕಿವಿರು ಕೆಂಪೇರುತ್ತದೆ, ವಾರದೊಳಗೆ ಒಂದೊಂದಾಗಿ ಸಾಯುತ್ತವೆ. ನೀರು ಕೊಳಕಾಯಿತೆಂದು ಮನೆಯವರು ಪೂರ್ತಿ ಚೆಲ್ಲಿ, ಕಲ್ಲು, ಸ್ಪಾಂಜು ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಮತ್ತೆ ತುಂಬುತ್ತಾರೆ. ಆಗಷ್ಟೇ ಹುಟ್ಟುತ್ತಿದ್ದ ಸೂಕ್ಷ್ಮಜೀವಿಗಳೂ ನೀರಿನೊಂದಿಗೆ ಚರಂಡಿ ಸೇರುತ್ತವೆ. ಮುಂದಿನ ಮೀನುಗಳಿಗೂ ಅದೇ ಗತಿ. ಮಕ್ಕಳು ಅಳುತ್ತಾರೆ, ತೊಟ್ಟಿ ಅಟ್ಟ ಸೇರುತ್ತದೆ. ತಪ್ಪಿಸಬಹುದಾದ ಸಾವು ಇದು, ಅದಕ್ಕಾಗಿಯೇ ಈ ವಿಷಯವನ್ನು ಇಷ್ಟು ವಿವರವಾಗಿ ಹೇಳಬೇಕಾಗಿದೆ.

ಮೀನು ತನ್ನ ದೇಹದ ಸಾರಜನಕ ತ್ಯಾಜ್ಯವನ್ನು ಹೆಚ್ಚಾಗಿ ಕಿವಿರಿನ ಮೂಲಕ ಅಮೋನಿಯಾ ರೂಪದಲ್ಲಿಯೇ ಹೊರಹಾಕುತ್ತದೆ. ಉಳಿದ ಆಹಾರ, ಮಲ, ಕೊಳೆತ ಎಲೆಗಳೂ ಅಮೋನಿಯಾ ಕೊಡುತ್ತವೆ. ಶೇ. 40ರಷ್ಟು ಪ್ರೋಟೀನ್ ಇರುವ 1 ಗ್ರಾಂ ಮೀನಿನ ಆಹಾರದಲ್ಲಿ ಸುಮಾರು 64 ಮಿಲಿಗ್ರಾಂ ಸಾರಜನಕವಿರುತ್ತದೆ, ಅದರ ದೊಡ್ಡ ಪಾಲು ಕೊನೆಗೆ ನೀರಿಗೇ ಬರುತ್ತದೆ. ಹೊಳೆಯಲ್ಲಿ ಇದು ಲೆಕ್ಕಕ್ಕಿಲ್ಲ. 50 ಲೀಟರಿನ ತೊಟ್ಟಿಯಲ್ಲಿ ನಾಲ್ಕೇ ದಿನಕ್ಕೆ ವಿಷವಾಗುತ್ತದೆ.

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು, ಅಷ್ಟಾಗಿ ಕೇಡು ಮಾಡದ ಅಮೋನಿಯಂ. ಇನ್ನೊಂದು, ಕಿವಿರಿನ ಪೊರೆಯನ್ನು ಸಲೀಸಾಗಿ ದಾಟುವ ಅಮೋನಿಯಾ. ಯಾವುದು ಎಷ್ಟಿರುತ್ತದೆಂಬುದನ್ನು ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ಶೇ. 0.6ರ ಆಸುಪಾಸು. ಪಿಎಚ್ 8ಕ್ಕೆ ಏರಿದರೆ ಶೇ. 5ಕ್ಕಿಂತ ಹೆಚ್ಚು, ಅದೇ ಪಿಎಚ್‌ನಲ್ಲಿ ನೀರು 30 ಡಿಗ್ರಿಗೆ ಬಿಸಿಯಾದರೆ ಶೇ. 7.5ರಷ್ಟು. ಕ್ಷಾರದ ನೀರು, ಕಡುಬಿಸಿಲು ಎರಡೂ ಕೂಡಿರುವ ಈ ಸೀಮೆಯಲ್ಲಿ ಪುಸ್ತಕ ಹೇಳುವ 'ಪರವಾಗಿಲ್ಲ' ಎಂಬ ಮಟ್ಟವೂ ಮೀನಿಗೆ ಭಾರವೇ.

ನೈಟ್ರೈಟ್ ಬೇರೆ ದಾರಿಯಲ್ಲಿ ಕೊಲ್ಲುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿಸುವುದರಿಂದ ಕಿವಿರು ಕಂದುಬಣ್ಣಕ್ಕೆ ತಿರುಗಿ, ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಉಸಿರುಗಟ್ಟುತ್ತದೆ. ಮೂರನೆಯದಾದ ನೈಟ್ರೇಟ್ ಹೋಲಿಕೆಯಲ್ಲಿ ಸಾಧು. ವಾರಕ್ಕೊಮ್ಮೆ ಒಂದಷ್ಟು ನೀರು ಬದಲಿಸಿದರೆ ಅದರ ಕಾಟ ತೀರುತ್ತದೆ.

ಅಪ್ಪ, ಮಗ ಮತ್ತು ಪ್ಯಾರಿಸ್ಸಿನ ಚರಂಡಿ ನೀರು

ಈ ವಿದ್ಯೆಯ ಇತಿಹಾಸ ಎರಡು ಬೇರೆ ಬೇರೆ ಹೊಲಗಳಲ್ಲಿ ಬೆಳೆಯಿತು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್ ಫಿಶ್ ಮತ್ತು ವ್ಯಾಲಿಸ್ನೇರಿಯಾ ಗಿಡ ಇಟ್ಟು, ಎಲೆ ಕೊಳೆತು ನೀರು ಕೆಟ್ಟಾಗ ಬಸವನಹುಳು ಸೇರಿಸಿ, ನೀರು ಬದಲಿಸದೆ ಮೀನು ಬದುಕಿಸಬಹುದೆಂದು 1850ರಲ್ಲಿ ತೋರಿಸಿದ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ಲೆಕ್ಕ ಸರಿಹೋಯಿತು ಎಂಬುದು ಅವನ ವಿವರಣೆ. ಅದು ಅರ್ಧ ಮಾತ್ರ ನಿಜ. ಕಣ್ಣಿಗೆ ಕಾಣದ ಮೂರನೆಯ ಪಾಲುದಾರರು ಆ ಪಾತ್ರೆಯ ಮರಳಿನಲ್ಲಿ, ಎಲೆಯ ಮೇಲೆ ಕೂತಿದ್ದರೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಅದು ಗೊತ್ತಾದದ್ದು ಚರಂಡಿ ನೀರಿನಿಂದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಮೊದಲ ಇಪ್ಪತ್ತು ದಿನ ಅಮೋನಿಯಾ ಹಾಗೆಯೇ ಹೊರಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡು, ಅಮೋನಿಯಾ ಇಲ್ಲವಾಯಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ಕ್ರಿಯೆ ನಿಂತಿತು. ಮಣ್ಣು ಕದಡಿದ ನೀರನ್ನು ಸ್ವಲ್ಪ ಹಾಕಿದಾಗ ಮತ್ತೆ ಶುರುವಾಯಿತು. ಬರೀ ರಸಾಯನಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯಬೇಕಿರಲಿಲ್ಲ, ಕ್ಲೋರೋಫಾರ್ಮಿಗೆ ಹೆದರಬೇಕಿರಲಿಲ್ಲ. ಮಾಡುತ್ತಿರುವುದು ಜೀವಿಗಳೇ ಎಂದು ಸಾಬೀತಾಯಿತು. ಇಂದು ಮನೆಯ ಹಜಾರದಲ್ಲಿ ಖಾಲಿ ತೊಟ್ಟಿ ಇಟ್ಟುಕೊಂಡು ಕಾಯುವವರು ಮಾಡುತ್ತಿರುವುದು ಇದೇ ಪ್ರಯೋಗವನ್ನು.

ವಾರಿಂಗ್ಟನ್ನನ ಮಗನ ಹೆಸರೂ ರಾಬರ್ಟ್ ವಾರಿಂಗ್ಟನ್. ಅವನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತ, ಅಮೋನಿಯಾದಿಂದ ನೈಟ್ರೈಟ್, ನೈಟ್ರೈಟಿನಿಂದ ನೈಟ್ರೇಟ್ ಎಂಬ ಎರಡು ಹಂತಗಳಿವೆ, ಒಂದೊಂದಕ್ಕೂ ಬೇರೆ ಜೀವಿಯಿದೆ ಎಂದು ಕಂಡುಕೊಂಡ. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದ್ದು ರಷ್ಯಾದ ವಿನೊಗ್ರಾಡ್‌ಸ್ಕಿ, 1890ರ ಹೊತ್ತಿಗೆ. ಅಪ್ಪನ ಅಕ್ವೇರಿಯಂನಲ್ಲಿ ನಡೆಯುತ್ತಿದ್ದ ಕೆಲಸವನ್ನು ಮಗ ಗೋಧಿ ಹೊಲದ ಮಣ್ಣಿನಲ್ಲಿ ಹುಡುಕಿ ತೆಗೆದ ಈ ಸಂಗತಿ ವಿಜ್ಞಾನದ ಇತಿಹಾಸದಲ್ಲಿ ಇನ್ನಷ್ಟು ಪ್ರಸಿದ್ಧವಾಗಬೇಕಿತ್ತು.

ಯಾವ ಜೀವಿ ಎಂಬ ತಿಳಿವಳಿಕೆ ಈಚಿನವರೆಗೂ ಬದಲಾಗುತ್ತ ಬಂದಿದೆ. ನೈಟ್ರೋಬ್ಯಾಕ್ಟರ್ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದ ಎರಡನೆಯ ಹಂತವನ್ನು ಸಿಹಿನೀರಿನ ತೊಟ್ಟಿಗಳಲ್ಲಿ ನಿಜವಾಗಿ ನಡೆಸುವುದು ನೈಟ್ರೋಸ್ಪೈರಾ ಎಂದು 1998ರಲ್ಲಿ ಗೊತ್ತಾಯಿತು. ಅಮೋನಿಯಾವನ್ನೇ ಉಂಡು ಬದುಕುವ ಆರ್ಕಿಯಾ ಗುಂಪಿನ ಮೊದಲ ಜೀವಿಯನ್ನು 2005ರಲ್ಲಿ ಬೇರ್ಪಡಿಸಿದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಂನ ತೊಟ್ಟಿಯೊಂದರಿಂದ. ಎರಡೂ ಹಂತಗಳನ್ನು ಒಂದೇ ಜೀವಿ ಮಾಡಬಲ್ಲದೆಂದು 2015ರಲ್ಲಿ ಪ್ರಕಟವಾದಾಗ ಶತಮಾನದ ನಂಬಿಕೆ ಅಲುಗಿತು. ಆ ಜೀವಿಗಳಲ್ಲಿ ಕೆಲವು ಸಿಕ್ಕಿದ್ದೂ ಮೀನು ಸಾಕಣೆಯ ಫಿಲ್ಟರಿನಲ್ಲಿಯೇ.

ಇವೆಲ್ಲದರ ಸಾಮಾನ್ಯ ಗುಣವೆಂದರೆ ನಿಧಾನ. ಮಾಮೂಲಿ ಬ್ಯಾಕ್ಟೀರಿಯಾ ಇಪ್ಪತ್ತು ಮೂವತ್ತು ನಿಮಿಷಕ್ಕೆ ಇಮ್ಮಡಿಯಾದರೆ, ಇವು ಅನುಕೂಲ ಸ್ಥಿತಿಯಲ್ಲಿಯೂ ಅರ್ಧ ದಿನದಿಂದ ಒಂದು ದಿನ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ತೆಗೆದುಕೊಳ್ಳುತ್ತವೆ. ನೀರಿನಲ್ಲಿ ತೇಲುವುದಕ್ಕಿಂತ ಸ್ಪಾಂಜು, ಕಲ್ಲು, ಗಾಜು ಮುಂತಾದವುಗಳಿಗೆ ಲೋಳೆಯಾಗಿ ಅಂಟಿ ಬೆಳೆಯುವುದೇ ಅವುಗಳಿಗೆ ಇಷ್ಟ. ಹೀಗಾಗಿ ಹಳೆ ತೊಟ್ಟಿಯ ನೀರನ್ನು ತಂದು ಸುರಿದರೆ ಉಪಯೋಗ ಕಡಿಮೆ. ಹಳೆ ತೊಟ್ಟಿಯ ಸ್ಪಾಂಜು ತಂದರೆ ಮಾತ್ರ ಉಪಯೋಗ.

ಈ ಸೀಮೆಯ ನೀರು

ಸಿದ್ದಾಪುರ, ಕಾರಟಗಿ, ಗಂಗಾವತಿ ಸುತ್ತಲಿನವು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಊರುಗಳು. ಅಣೆಕಟ್ಟೆ 1953ರಲ್ಲಿ ನೀರು ಕೊಡಲು ಶುರುಮಾಡಿದ ಮೇಲೆ ಇಲ್ಲಿಯ ಎರೆಹೊಲದ ಬದುಕೇ ಬದಲಾಯಿತು. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ಲೇ ಬಹುಕಾಲದ ಆಧಾರ. ಅಲ್ಲಿನ ಅಂತರ್ಜಲದಲ್ಲಿ ಗಡಸುತನ, ಫ್ಲೋರೈಡ್ ಎರಡೂ ಹೆಚ್ಚೆಂಬುದು ಹಳೆಯ ಸಮಸ್ಯೆ. ಹಳ್ಳಿಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದದ್ದು ಇದರಿಂದಲೇ. ಹೀಗೆ ತೊಟ್ಟಿ ತುಂಬಲು ಹೊರಟವರ ಮುಂದೆ ಮೂರು ನೀರು ಇರುತ್ತವೆ: ಕಾಲುವೆಯಿಂದ ಬಂದ ನಲ್ಲಿ ನೀರು, ಬೋರ್ ನೀರು, ಕ್ಯಾನಿನಲ್ಲಿ ತರುವ ಫಿಲ್ಟರ್ ನೀರು.

ಕುಡಿಯಲು ಒಳ್ಳೆಯದು, ಮೀನಿಗೂ ಒಳ್ಳೆಯದಿರಬೇಕು ಎಂದು ಹೆಚ್ಚಿನವರು ಫಿಲ್ಟರ್ ನೀರನ್ನೇ ತುಂಬುತ್ತಾರೆ. ಸೈಕಲ್ ನಿಂತುಹೋಗಲು ಇದಕ್ಕಿಂತ ಸುಲಭದ ದಾರಿಯಿಲ್ಲ. 1 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸೂಕ್ಷ್ಮಜೀವಿಗಳು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7 ಮಿಲಿಗ್ರಾಂ ಕ್ಷಾರತೆಯನ್ನು ತಿಂದುಹಾಕುತ್ತವೆ. ಫಿಲ್ಟರ್ ಘಟಕ ಆ ಲವಣಗಳನ್ನೇ ತೆಗೆದಿರುವುದರಿಂದ ಕೆಲವೇ ದಿನಗಳಲ್ಲಿ ಪಿಎಚ್ ಕುಸಿದು 6ರ ಹತ್ತಿರ ಬರುತ್ತದೆ, ಕೆಲಸ ಬಹುಮಟ್ಟಿಗೆ ಸ್ಥಗಿತವಾಗುತ್ತದೆ. ಅಮೋನಿಯಾ ಇಳಿಯುತ್ತಲೇ ಇಲ್ಲವೆಂದು ಒದ್ದಾಡುವವರು ಮೊದಲು ನೋಡಬೇಕಾದದ್ದು ಪಿಎಚ್ ಅನ್ನು.

ಗಡಸು ಬೋರ್ ನೀರಿನಲ್ಲಿ ಈ ತೊಂದರೆ ಕಡಿಮೆ. ಕ್ಷಾರತೆ ಧಾರಾಳವಾಗಿರುವುದರಿಂದ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಸವುಳು ನೀರಿನ ಕ್ಲೋರೈಡ್ ಮೀನಿನ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುವುದರಿಂದ ಆ ವಿಷದ ತೀವ್ರತೆಯೂ ಇಳಿಯುತ್ತದೆ. ಆದರೆ ಪಿಎಚ್ ಏರಿರುವುದರಿಂದ ಅಮೋನಿಯಾ ಇಲ್ಲಿ ಹೆಚ್ಚು ವಿಷ. ಹೀಗಾಗಿ ಮೀನಿಲ್ಲದೆ ಸೈಕಲ್ ಮಾಡಲು ಬೋರ್ ನೀರು ಬಹಳ ಒಳ್ಳೆಯದು, ಮೀನು ಬಿಟ್ಟುಕೊಂಡು ಸೈಕಲ್ ಮಾಡಲು ಬಹಳ ಕೆಟ್ಟದ್ದು. ಎರಡು ಪಾಲು ಬೋರ್ ನೀರಿಗೆ ಒಂದು ಪಾಲು ಫಿಲ್ಟರ್ ನೀರು ಬೆರೆಸಿ ಶುರುಮಾಡುವುದು ಈ ಭಾಗಕ್ಕೆ ಹೊಂದುವ ನಡುದಾರಿ.

ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಆ ಕ್ಲೋರಿನ್ ಮೀನಿಗೂ ಸೂಕ್ಷ್ಮಜೀವಿಗೂ ಆಗದು. ಅಗಲ ಬಾಯಿಯ ಡ್ರಮ್ಮಿನಲ್ಲಿ ಒಂದು ದಿನ ಗಾಳಿ ಆಡಿಸಿ ಇಟ್ಟರೆ ಹೋಗುತ್ತದೆ, ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್, ಅಂದರೆ ಥಯೋಸಲ್ಫೇಟ್ ದ್ರಾವಣ, ಕೆಲಸ ಮಾಡುತ್ತದೆ. ಗದ್ದೆಯಿಂದ ಬಸಿದ ಹಳ್ಳದ ನೀರನ್ನು ಮಾತ್ರ ಎಷ್ಟೇ ತಿಳಿಯಾಗಿದ್ದರೂ ಮುಟ್ಟಬಾರದು. ಭತ್ತಕ್ಕೆ ಹೊಡೆದ ಕೀಟನಾಶಕದ ಶೇಷ ಅದರಲ್ಲಿರುತ್ತದೆ, ಕಾಯಿಸಿದರೂ ಸೋಸಿದರೂ ಅದು ಹೋಗುವ ಭರವಸೆಯಿಲ್ಲ. ಗದ್ದೆಯ ಮಣ್ಣಿನಲ್ಲಿ ಬೇಕಾದ ಸೂಕ್ಷ್ಮಜೀವಿಗಳಿವೆ ಎಂದು ಅದನ್ನು ತಂದು ಹಾಕುವುದೂ ಇದೇ ಕಾರಣಕ್ಕೆ ಸಲ್ಲದು.

ಯೂರಿಯಾವೋ ನವಸಾಗರವೋ

ಮೀನಿಲ್ಲದೆ ಸೈಕಲ್ ಮಾಡಲು ಅಮೋನಿಯಾವನ್ನು ನಾವೇ ಒದಗಿಸಬೇಕು. ಭತ್ತದ ನಾಡಿನಲ್ಲಿ ಮೊದಲು ಹೊಳೆಯುವುದು ಯೂರಿಯಾ. ಪ್ರತಿ ಮನೆಯ ಮೂಲೆಯಲ್ಲೂ ಚೀಲವಿದೆ, ಶೇ. 46ರಷ್ಟು ಸಾರಜನಕವಿದೆ. ಆದರೆ 2015ರಿಂದ ಭಾರತದಲ್ಲಿ ತಯಾರಾಗುವ ಕೃಷಿ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ಆ ಲೇಪದ ಉದ್ದೇಶಗಳಲ್ಲಿ ಒಂದು, ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳ ಕೈ ಕಟ್ಟಿಹಾಕುವುದು. ಹಾಗಾದರೆ ಗೊಬ್ಬರ ನೀರಿನೊಂದಿಗೆ ಬಸಿದುಹೋಗದೆ ಪೈರಿಗೆ ದಕ್ಕುತ್ತದೆ. ಗದ್ದೆಯ ರೈತ ತಡೆಯಬಯಸುವ ಕ್ರಿಯೆಯನ್ನೇ ಮೀನು ಸಾಕುವವನು ಬೆಳೆಸಬಯಸುತ್ತಾನೆ. ಆದ್ದರಿಂದ ಹೊಲದ ಯೂರಿಯಾ ತೊಟ್ಟಿಗೆ ತಕ್ಕದ್ದಲ್ಲ.

ಸರಿಯಾದ ವಸ್ತು ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ. ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಕಾದ ಪಾತ್ರೆಯೊಳಗೆ ಉದುರಿಸಿ ಉಜ್ಜುತ್ತಿದ್ದ, ಬಿಳಿ ಹೊಗೆ ಏಳಿಸುತ್ತಿದ್ದ ಪುಡಿಯೇ ಅದು. ಕಲಾಯಿಗೆ ಮಾರುವ ಸರಕು ಶುದ್ಧವಾಗಿರುತ್ತದೆಂದು ಹೇಳಲಾಗದು. ಪ್ರಯೋಗಾಲಯಕ್ಕೆ ಮಾರುವ ಶುದ್ಧ ದರ್ಜೆಯದನ್ನೇ ಕೊಳ್ಳಬೇಕು. 100 ಲೀಟರ್ ನೀರಿಗೆ ಮುಕ್ಕಾಲು ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಸಾರಜನಕ ಸಿಗುತ್ತದೆ. ಕೆಲವರು 4, 5ರವರೆಗೆ ಏರಿಸಲು ಹೇಳುತ್ತಾರೆ. ಅದು ಬೇಡ. ಆ ಮಟ್ಟದಲ್ಲಿ ಎರಡನೆಯ ಹಂತದ ನೈಟ್ರೋಸ್ಪೈರಾಗಳೇ ಹಿಂಜರಿಯುತ್ತವೆ, ಮನೆಯ ತೊಟ್ಟಿಯ ನಾಲ್ಕಾರು ಮೀನು ದಿನಕ್ಕೆ ಅಷ್ಟು ಅಮೋನಿಯಾ ಬಿಡುವುದೂ ಇಲ್ಲ. ನವಸಾಗರ ಸಿಗದವರು ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಬಹುದು. ತಡವಾಗುತ್ತದೆ, ಗಲೀಜಾಗುತ್ತದೆ, ಆದರೆ ಆಗುತ್ತದೆ.

ಇನ್ನೊಂದು ಲೆಕ್ಕ ಗಮನಿಸಬೇಕು. 2 ಮಿಲಿಗ್ರಾಂ ಅಮೋನಿಯಾ ಸಾರಜನಕ ಪೂರ್ತಿ ನೈಟ್ರೇಟ್ ಆಗಲು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಬೇಕು. 30 ಡಿಗ್ರಿಯ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದು ಏಳೂವರೆ ಮಿಲಿಗ್ರಾಂ ಮಾತ್ರ. ಅಂದರೆ ನಿಂತ ನೀರು ಈ ಕೆಲಸಕ್ಕೆ ಸಾಲುವುದೇ ಇಲ್ಲ. ಮೀನಿಲ್ಲದಿದ್ದರೂ ಗಾಳಿ ಪಂಪು ಹಗಲಿರುಳು ಓಡುತ್ತಿರಬೇಕು.

ಬಣ್ಣ ನೋಡಿ ತಿಳಿಯುವುದು

ತೊಟ್ಟಿ ಹದಕ್ಕೆ ಬಂದಿತೇ ಎಂಬುದನ್ನು ದಿನ ಎಣಿಸಿ ಹೇಳಲಾಗದು, ನೀರಿನ ತಿಳಿ ನೋಡಿಯೂ ಹೇಳಲಾಗದು. ಮೂರನೆಯ ದಿನದ ಆ ಹಾಲುಮಬ್ಬು ನಮಗೆ ಬೇಕಾದ ಜೀವಿಗಳದ್ದಲ್ಲ, ಕೊಳೆತ ತಿನ್ನುವ ಬೇರೆ ಬ್ಯಾಕ್ಟೀರಿಯಾದ್ದು. ಅದು ತಾನಾಗಿ ತಿಳಿಯಾಗುತ್ತದೆ, ಆ ತಿಳಿಯನ್ನು ನಂಬಿ ಮೀನು ಬಿಟ್ಟರೆ ಅಮೋನಿಯಾ ಹಾಗೆಯೇ ಇರುತ್ತದೆ. ನಂಬಬೇಕಾದದ್ದು ಪರೀಕ್ಷಾ ಕಿಟ್ಟನ್ನು ಮಾತ್ರ. ಮೀನಿಗೆ ಖರ್ಚು ಮಾಡುವ ಮೊದಲು ಅದಕ್ಕೆ ಖರ್ಚು ಮಾಡಬೇಕು.

ಗಾಜಿನ ಸಣ್ಣ ನಳಿಗೆಯಲ್ಲಿ ಗೀರಿನ ಮಟ್ಟಕ್ಕೆ ತೊಟ್ಟಿಯ ನೀರು ತುಂಬಿ, ಎರಡು ಸೀಸೆಗಳಿಂದ ಹನಿ ಎಣಿಸಿ ಹಾಕಿ, ಮುಚ್ಚಿ ಕುಲುಕಿ, ಐದು ನಿಮಿಷ ಬಿಟ್ಟು ಬಿಳಿ ಹಾಳೆಯ ಮುಂದೆ ಹಗಲು ಬೆಳಕಿನಲ್ಲಿ ಹಿಡಿಯಬೇಕು. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದಷ್ಟೂ ಗಿಳಿಹಸಿರಿನಿಂದ ಕಡುಹಸಿರಿಗೆ. ನೈಟ್ರೈಟ್ ನಳಿಗೆ ತಿಳಿನೀಲಿಯಿಂದ ಶುರುವಾಗಿ ನೇರಳೆಗೆ ಏರುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಹಳದಿಯೂ ಹಸಿರಾಗಿ ಕಾಣಿಸಿ ಮೋಸವಾಗುತ್ತದೆ. ಶುರುವಿನಲ್ಲೇ ತುಂಬುವ ನೀರನ್ನೂ ಪರೀಕ್ಷಿಸಿಡುವುದು ಜಾಣತನ. ಗೊಬ್ಬರ ಹೆಚ್ಚು ಬಳಸುವ ಪ್ರದೇಶದ ಬೋರ್ ನೀರಿನಲ್ಲಿ ನೈಟ್ರೇಟ್ ಮೊದಲೇ ಇರಬಹುದು. ಅದನ್ನು ಸೈಕಲ್ಲಿನ ಫಲವೆಂದು ತಿಳಿಯುವಂತಾಗಬಾರದು.

ಮೊದಲ ವಾರ ಅಮೋನಿಯಾ ಅಲುಗುವುದಿಲ್ಲ. ಎರಡನೆಯ ವಾರದ ಹೊತ್ತಿಗೆ ಇಳಿಯತೊಡಗಿ ನೈಟ್ರೈಟ್ ತಲೆ ಎತ್ತುತ್ತದೆ. ಅಮೋನಿಯಾ ಇಳಿದಾಗಲೆಲ್ಲ ಅದೇ ಪ್ರಮಾಣ ಮತ್ತೆ ಹಾಕುತ್ತಿರಬೇಕು, ಹಸಿದರೆ ಜೀವಿಗಳು ಬೆಳೆಯವು. ಆಮೇಲೆ ಬರುವುದು ತಾಳ್ಮೆ ಕೆಡಿಸುವ ಕಾಲ: ಅಮೋನಿಯಾ ದಿನದೊಳಗೆ ಮಾಯವಾಗುತ್ತದೆ, ನೈಟ್ರೈಟ್ ಮಾತ್ರ ಕಡುನೇರಳೆಯಲ್ಲಿ ನಿಂತುಬಿಡುತ್ತದೆ, ವಾರಗಟ್ಟಲೆ. ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಅರ್ಧ ನೀರು ಬದಲಿಸಿ, ನವಸಾಗರದ ಪ್ರಮಾಣವನ್ನು ಅರ್ಧಕ್ಕಿಳಿಸಿ, ಪಿಎಚ್ ನೋಡಿಕೊಂಡು ಕಾದರೆ ಒಂದು ಬೆಳಿಗ್ಗೆ ನೇರಳೆ ತಟ್ಟನೆ ತಿಳಿಯಾಗಿರುತ್ತದೆ. 2 ಮಿಲಿಗ್ರಾಂ ಪ್ರಮಾಣ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯುವುದು ಎರಡು ಮೂರು ದಿನ ಸತತವಾಗಿ ಕಂಡರೆ ಸೈಕಲ್ ಮುಗಿಯಿತು. ಕೂಡಿಟ್ಟ ನೈಟ್ರೇಟನ್ನು ಮುಕ್ಕಾಲು ಪಾಲು ನೀರು ಬದಲಿಸಿ ತೆಗೆಯಬೇಕು.

ಕಾಲ ಕಡಿಮೆ ಮಾಡುವ ನಂಬಿಕಸ್ಥ ಉಪಾಯ ಒಂದೇ: ರೋಗವಿಲ್ಲದ ಹಳೆ ತೊಟ್ಟಿಯ ಫಿಲ್ಟರಿನಿಂದ ಕಂದು ಲೋಳೆ ಹಿಡಿದ ಸ್ಪಾಂಜಿನ ತುಂಡು. ಒದ್ದೆಯಾಗಿಯೇ, ಬಿಸಿಲು ತಾಗದಂತೆ, ಕೆಲವು ಗಂಟೆಯೊಳಗೆ ತಂದು ಹೊಸ ಫಿಲ್ಟರಿಗೆ ಸೇರಿಸಿದರೆ ವಾರಗಳು ಉಳಿಯುತ್ತವೆ. ಬಾಟಲಿಯ ಬ್ಯಾಕ್ಟೀರಿಯಾ ಕೆಲವು ಕೆಲಸ ಮಾಡುತ್ತವೆ. ಆದರೆ ಕಡುಬಿಸಿಲಿನಲ್ಲಿ ಲಾರಿಯಲ್ಲಿ ಬಂದು, ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತದ್ದನ್ನು ನಂಬಿ ಅದೇ ದಿನ ಮೀನು ಬಿಡಬಾರದು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂಥ ಬೇಗ ಬೆಳೆಯುವ ಗಿಡಗಳು ಅಮೋನಿಯಂ ಅನ್ನು ನೇರವಾಗಿ ಹೀರಿ ಭಾರ ಹಗುರ ಮಾಡುತ್ತವೆ.

ಬಿಸಿಲು, ಕರೆಂಟು, ಮೊದಲ ಮೀನು

ಈ ಜೀವಿಗಳಿಗೆ 25ರಿಂದ 30 ಡಿಗ್ರಿ ಹಿತ. ಕೊಪ್ಪಳ ಜಿಲ್ಲೆಯಲ್ಲಿ ವರ್ಷದ ಹೆಚ್ಚಿನ ಕಾಲ ಹೀಟರಿಲ್ಲದೆಯೇ ಅದು ಸಿಗುತ್ತದೆ. ಕಷ್ಟವಾಗುವುದು ಗಾಳಿಯ ಉಷ್ಣತೆ 40 ಡಿಗ್ರಿ ದಾಟುವ ಏಪ್ರಿಲ್, ಮೇನಲ್ಲಿ: ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ, ಅದೇ ಹೊತ್ತಿಗೆ ಕರೆಂಟು ಹೋದರೆ ಮುಚ್ಚಿದ ಫಿಲ್ಟರಿನೊಳಗಿನ ಜೀವಿಗಳು ಕೆಲವು ಗಂಟೆಗಳಲ್ಲಿ ಉಸಿರುಗಟ್ಟುತ್ತವೆ. ಬ್ಯಾಟರಿಯಲ್ಲೂ ಓಡುವ ಸಣ್ಣ ಗಾಳಿ ಪಂಪು, ತೊಟ್ಟಿಯೊಳಗೇ ಇರುವ ಸಾದಾ ಸ್ಪಾಂಜ್ ಫಿಲ್ಟರು ಇಲ್ಲಿಗೆ ದುಬಾರಿ ಯಂತ್ರಕ್ಕಿಂತ ಮೇಲು. ತೊಟ್ಟಿಯನ್ನು ಪಶ್ಚಿಮದ ಕಿಟಕಿಯ ಬಳಿ ಇಡಬಾರದು. ಸ್ಪಾಂಜನ್ನು ತೊಳೆಯುವಾಗ ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಎರಡು ಸಲ ಹಿಂಡಿದರೆ ಸಾಕು.

ಮೀನು ಬಿಟ್ಟುಕೊಂಡೇ ಸೈಕಲ್ ಮಾಡುವ ಹಳೆಯ ಪದ್ಧತಿಯಲ್ಲಿ ಗಟ್ಟಿ ಜೀವದ ಒಂದೆರಡು ಮೀನನ್ನು ಮೊದಲು ಬಿಡುತ್ತಾರೆ. ಅವು ಬದುಕಿದರೂ ಸುಟ್ಟ ಕಿವಿರಿನೊಂದಿಗೆ ಬದುಕುತ್ತವೆ. ಬೇರೆ ದಾರಿಯಿರುವಾಗ ಒಂದು ಜೀವವನ್ನು ಹೀಗೆ ಬಳಸುವುದು ಸರಿಯಲ್ಲ. ಈಗಾಗಲೇ ಬಿಟ್ಟಾಗಿದ್ದರೆ ಆಹಾರವನ್ನು ಎರಡು ದಿನಕ್ಕೊಮ್ಮೆಗೆ ಇಳಿಸಿ, ದಿನವೂ ಕಾಲು ಭಾಗ ನೀರು ಬದಲಿಸಿ, ನೈಟ್ರೈಟ್ ಕಂಡರೆ ಲೀಟರಿಗೆ 1 ಗ್ರಾಂವರೆಗೆ ಕಲ್ಲುಪ್ಪು ಕರಗಿಸಿ ಹಾಕಿ ಕಾಪಾಡಬೇಕು.

ಸೈಕಲ್ ಮುಗಿದ ತೊಟ್ಟಿಗೆ ಗಪ್ಪಿ, ಮೋಲಿ, ಪ್ಲಾಟಿಗಳು ಈ ಸೀಮೆಗೆ ಹೇಳಿಮಾಡಿಸಿದ ಮೊದಲ ಮೀನು. ಗಡಸು ನೀರೇ ಅವಕ್ಕೆ ಒಗ್ಗುವುದು. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆ ನೀರಿನ ತೊಟ್ಟಿಗಳಿಗೆ ಬಿಡುವ ಲಾರ್ವಾಹಾರಿ ಮೀನುಗಳಲ್ಲಿ ಗಪ್ಪಿಯೂ ಒಂದು. ಅಮೆಜಾನಿನ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾಕ್ಕೆ ಯಲಬುರ್ಗಾದ ಬೋರ್ ನೀರು ಹಿಂಸೆ. ಬಿಡುವ ಮೀನಿನ ಅರ್ಧವನ್ನು ಮೊದಲು ಬಿಟ್ಟು, ವಾರವಿಡೀ ನಳಿಗೆ ಹಳದಿಯಾಗಿಯೇ ಇದ್ದರೆ ಉಳಿದರ್ಧ. ಮೀನು ತರುವುದು ತಡವಾದರೆ ಅಷ್ಟು ದಿನವೂ ಸಣ್ಣ ಪ್ರಮಾಣದ ನವಸಾಗರ ಹಾಕುತ್ತಲೇ ಇರಬೇಕು.

ಸಾಮಾನ್ಯವಾಗಿ ಬೇಸಿಗೆ ಬೆಳೆಯ ಸರದಿ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ನಿಲ್ಲುತ್ತದೆ, ಮುಂಗಾರಿನಲ್ಲಿ ಜಲಾಶಯ ತುಂಬತೊಡಗಿದಾಗ ಮತ್ತೆ ಬರುತ್ತದೆ. ಆ ನಡುವೆ ನಲ್ಲಿಯಲ್ಲಿ ಬರುವುದು ಬೋರ್ ನೀರಾಗಿರಬಹುದು, ಕೆರೆಯಲ್ಲಿ ಕೂಡಿಟ್ಟ ನೀರಾಗಿರಬಹುದು. ಕಾಲುವೆಯ ಮೆದು ನೀರಿಗೆ ಒಗ್ಗಿದ ತೊಟ್ಟಿಗೆ ಒಮ್ಮೆಲೇ ಅರ್ಧ ಬಕೆಟ್ ಗಡಸು ನೀರು ಸುರಿದರೆ ಪಿಎಚ್ ಹಠಾತ್ತನೆ ಏರಿ, ಅಲ್ಲಿಯವರೆಗೆ ಅಮೋನಿಯಂ ಆಗಿ ಸುಮ್ಮನಿದ್ದದ್ದು ಅಮೋನಿಯಾ ಆಗಿ ತಿರುಗಿಬೀಳುತ್ತದೆ. ಆ ಅವಧಿಯಲ್ಲಿ ಬದಲಿಸುವ ನೀರು ಹತ್ತರಲ್ಲಿ ಒಂದು ಪಾಲು ಮೀರದಿರಲಿ, ಬದಲಿಸುವ ಮುಂಚೆ ಒಮ್ಮೆ, ಮಾರನೆಯ ದಿನ ಒಮ್ಮೆ ನಳಿಗೆ ಹಿಡಿದು ನೋಡಬೇಕು.